ಬಡಿಯದೆ ನೆನೆಸಿದರೆ ಅರಿವಿ ಹಸನಾಗುವುದು ಹೇಗೆ

“ಬಡೀಲಾರದ ಅರಿವಿ ಹಸನ ಆಗ್ತಾವೇನು?” ಅಂತ ಅವ್ವ ಕೇಳಿದಾಗ ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಬಲಭುಜದ ನೋವಿಗೆ ಡಾಕ್ಟರು ಆಕೆಗೆ ಕೈ ಮೇಲೆತ್ತುವ ಕೆಲಸವನ್ನೆಲ್ಲ ಬಿಡಿಸಿದ್ದರು. ಹಿತ್ತಲಲ್ಲಿ ಹಾಸಿದ ಶಹಾಬಾದ್ ಫರಸಿಯ ಮೇಲೆ ನಲವತ್ತು ವರ್ಷ ಮುತ್ಯಾನ ಧೋತರ, ಅಪ್ಪನ ಅಂಗಿ, ನಮ್ಮ ಶಾಲೆಯ ಸಮವಸ್ತ್ರ, ಮನೆಮಂದಿಯ ಚಾದರ ಎಲ್ಲವನ್ನೂ ಕುಕ್ಕಿದ ಕೈ ಅದು. ಮಷಿನ್ ತರೋಣವೆಂದರೆ ಕಲಬುರಗಿಯ ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಡ್ರಮ್ಮಿಗೆ ತುಂಬಿಕೊಂಡದ್ದರಲ್ಲೇ ಸಾಗಬೇಕು, ಕಡಿಮೆ ಬಿದ್ದರೆ ಬೋರಿನ ಸವಳು ನೀರು. ಹಾಗಾಗಿ ನೆನೆಸಿ, ಒತ್ತಿ, ಜಾಲಿಸಿ, ಒಣಹಾಕುವ ದಾರಿ ಹಿಡಿದೆವು. ಅವ್ವನ ಲೆಕ್ಕದಲ್ಲಿ ಅದು ಒಗೆತವೇ ಅಲ್ಲ, ಅರಿವಿಗೆ ನೀರು ತೋರಿಸಿ ತೆಗೆಯುವುದು.

ಈಗ ಉತ್ತರ ಇದೆ. ದಿನಬಳಕೆಯ ಹತ್ತಿ ಅರಿವಿಯ ಹೊಲಸು ಬಹುಪಾಲು ಬಡಿಯದೆಯೇ ಹೋಗುತ್ತದೆ. ಆದರೆ ನೆನೆಸುವುದೆಂದರೆ ಬಕೀಟಿಗೆ ಹಾಕಿ ಮರೆಯುವುದಲ್ಲ. ನೀರು ಎಂಥದು, ಎಷ್ಟು ಬಿಸಿ, ಎಷ್ಟು ಹೊತ್ತು, ಆಮೇಲೆ ಹೇಗೆ ಜಾಲಿಸಿದಿರಿ ಎಂಬುದರ ಮೇಲೆ ಎಲ್ಲ ನಿಂತಿದೆ. ನಮ್ಮ ಭಾಗದಲ್ಲಿ ನೆನೆಸಿದ ಅರಿವಿ ಮಂಕಾಗಿ, ಬಿರುಸಾಗಿ ಬಂದರೆ ಹೆಚ್ಚಿನ ಸಲ ತಪ್ಪು ನೀರಿನದು, ಕೈಯದಲ್ಲ. ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಅದನ್ನೇ.

ತೊಗರಿ ನಾಡಿನವರಿಗೆ ಇದನ್ನು ತೊಗರಿಯಿಂದಲೇ ಹೇಳಬಹುದು. ತೊಗರಿಯ ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಒಂದು ಪದರ ಇರುತ್ತದೆ. ಒಣ ಕಾಳನ್ನು ಹಾಗೆಯೇ ಬೀಸಿದರೆ ಸಿಪ್ಪೆ ಬಿಡುವ ಮೊದಲೇ ಬೇಳೆ ಒಡೆದು ನುಚ್ಚಾಗುತ್ತದೆ. ಅದಕ್ಕೇ ಕಾಳಿಗೆ ಎಣ್ಣೆ ಸವರಿ, ನೀರು ಚಿಮುಕಿಸಿ, ರಾತ್ರಿ ರಾಶಿ ಹಾಕಿ ಬಿಟ್ಟು, ಬಿಸಿಲಿಗೆ ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕುತ್ತಾರೆ. ಅಂಟು ಸಡಿಲಾದ ಮೇಲೆ ಸಿಪ್ಪೆ ಕಳಚಲು ದೊಡ್ಡ ಬಲ ಬೇಕಾಗುವುದಿಲ್ಲ. ಅರಿವಿಯ ಹೊಲಸಿನ ಕಥೆಯೂ ಇದೇ. ಕಲ್ಲಿನ ಮೇಲೆ ಕುಕ್ಕುವಾಗ ನಾವು ಅಂಟು ಬಿಡುವ ಮೊದಲೇ ಹೊಲಸನ್ನು ಕೀಳಲು ನೋಡುತ್ತೇವೆ. ಅದರ ಜೊತೆ ನೂಲಿನ ನವಿರು ಎಳೆಯೂ ಕಿತ್ತು ಬರುತ್ತದೆ, ಗುಂಡಿ ಒಡೆಯುತ್ತದೆ, ಕಾಲರಿನ ಅಂಚು ಹರಿಯುತ್ತದೆ.

ನಾಲ್ಕು ಪಾಲಿನ ಲೆಕ್ಕ

1959ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿಯ ರಸಾಯನತಜ್ಞ ಹರ್ಬರ್ಟ್ ಸಿನ್ನರ್ ಈ ವಿಷಯವನ್ನು ಒಂದು ವೃತ್ತ ಬರೆದು ತೋರಿಸಿದರು. ಯಾವುದೇ ವಸ್ತು ಸ್ವಚ್ಛವಾಗಬೇಕಾದರೆ ನಾಲ್ಕು ಸಂಗತಿಗಳು ಕೂಡಬೇಕು: ಸಾಬೂನು ಇಲ್ಲವೆ ಸೋಡಾದಂಥ ರಾಸಾಯನಿಕ, ಉಜ್ಜುವ ಅಥವಾ ಬಡಿಯುವ ಬಲ, ಶಾಖ, ಮತ್ತು ಸಮಯ. ವೃತ್ತವನ್ನು ಒಂದು ಜೋಳದ ರೊಟ್ಟಿ ಎಂದುಕೊಳ್ಳಿ. ನಾಲ್ವರಿಗೆ ಹಂಚಬೇಕು, ರೊಟ್ಟಿ ಮಾತ್ರ ಪೂರ್ತಿ ಮುಗಿಯಬೇಕು. ಒಬ್ಬರ ಪಾಲು ಕಡಿಮೆ ಮಾಡಿದರೆ ಉಳಿದವರಿಗೆ ಹೆಚ್ಚು ಬಡಿಸಲೇಬೇಕು. ಕಲ್ಲಿನ ಮೇಲೆ ಒಗೆಯುವಾಗ ಬಲದ ಪಾಲು ದೊಡ್ಡದು, ಸಮಯದ ಪಾಲು ಚಿಕ್ಕದು. ನೆನೆಸುವಾಗ ಬಲದ ಪಾಲನ್ನು ತೆಗೆದು ಸಮಯಕ್ಕೆ ಕೊಡುತ್ತೇವೆ, ಸ್ವಲ್ಪ ಶಾಖಕ್ಕೂ ರಾಸಾಯನಿಕಕ್ಕೂ ಸೇರಿಸುತ್ತೇವೆ. ಬಲವನ್ನೂ ಕಳೆದು, ತಣ್ಣೀರಿನಲ್ಲಿ ಚಿಟಿಕೆ ಪುಡಿ ಹಾಕಿ ಹತ್ತು ನಿಮಿಷಕ್ಕೆ ತೆಗೆದರೆ ಅವ್ವ ಹೇಳಿದಂತೆ ಅದು ನೀರು ತೋರಿಸಿದ್ದೇ ಆಗುತ್ತದೆ.

ಸಿನ್ನರ್ ವೃತ್ತ ಬರೆಯುವುದಕ್ಕೆ ಎಷ್ಟೋ ಮೊದಲೇ ನಮ್ಮ ಅಗಸರಿಗೆ ಈ ಲೆಕ್ಕ ಕೈಯಲ್ಲಿತ್ತು. ಉಬ್ಬೆ ಹಾಕುವುದು ಎಂಬ ಮಾತನ್ನು ಹಳಬರು ಇನ್ನೂ ಮರೆತಿಲ್ಲ. ಅರಿವಿಗಳನ್ನು ಚೌಳು ಮಣ್ಣು ಕದಡಿದ ನೀರಿನಲ್ಲಿ ಅದ್ದಿ, ಹಿಂಡಿ, ಬಾಯಿ ಕಟ್ಟಿ ಒಟ್ಟಿ, ಕೆಳಗೆ ಒಲೆ ಹಚ್ಚಿ ಹಬೆ ಹಾಯಿಸಿ ಬಿಡುತ್ತಿದ್ದರು. ಚೌಳು ಮಣ್ಣಿನಲ್ಲಿ ಇರುವುದು ಸೋಡಿಯಂ ಕಾರ್ಬನೇಟ್, ಅಂಗಡಿಯಲ್ಲಿ ನಾವು ಕೊಳ್ಳುವ ಒಗೆಯುವ ಸೋಡಾವೇ. ರಾಸಾಯನಿಕ, ಶಾಖ, ಸಮಯ ಮೂರೂ ತಮ್ಮ ಕೆಲಸ ಮುಗಿಸಿದ ಮೇಲೆ ಹಳ್ಳದ ದಂಡೆಯ ಕಲ್ಲಿಗೆ ಉಳಿಯುತ್ತಿದ್ದದ್ದು ಕೊನೆಯ ಪಾಲು. ಹೊರಗಿನವರ ಕಣ್ಣಿಗೆ ಬೀಳುತ್ತಿದ್ದದ್ದು ಆ ಬಡಿತ ಮಾತ್ರ, ಹಾಗಾಗಿ ಒಗೆಯುವುದೆಂದರೆ ಬಡಿಯುವುದು ಎಂದು ನಾವೆಲ್ಲ ನಂಬಿಕೊಂಡೆವು. 12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಶರಣರ ಬಟ್ಟೆ ಮಡಿ ಮಾಡುವ ಕಾಯಕವನ್ನು ಮಡಿವಾಳ ಮಾಚಿದೇವರು ಮಾಡುತ್ತಿದ್ದರು. ಆ ಕಾಯಕದ ಹಿಂದಿದ್ದ ಜಾಣ್ಮೆಗೆ ನಾವು ಕೊಡಬೇಕಾದಷ್ಟು ಗೌರವ ಇನ್ನೂ ಕೊಟ್ಟಿಲ್ಲ ಎಂದೇ ನನಗನಿಸುತ್ತದೆ.

ಭಾರತಕ್ಕೆ ಸರ್ಫ್ ಪುಡಿ ಬಂದದ್ದೂ 1959ರಲ್ಲೇ. ಸಾಬೂನಿನ ಬಾರನ್ನು ಅರಿವಿಯ ಮೇಲೆ ಉಜ್ಜುತ್ತಿದ್ದ ಮನೆಗಳಿಗೆ ಬಕೀಟಿನಲ್ಲಿ ನೆನೆಸುವ ರೂಢಿ ಬಂದದ್ದು ಪುಡಿಯ ಜೊತೆಗೆ. 1969ರಲ್ಲಿ ಗುಜರಾತಿನಲ್ಲಿ ನಿರ್ಮಾ ಶುರುವಾದ ಮೇಲೆ ಪುಡಿ ಬಡವರ ಮನೆಗೂ ಬಂತು.

ಬಕೀಟಿನೊಳಗೆ ನಡೆಯುವುದು

ಬರೀ ನೀರು ಅರಿವಿಯೊಳಗೆ ಇಳಿಯಲು ಹಿಂಜರಿಯುತ್ತದೆ. ಜಿಡ್ಡು ಹತ್ತಿದ ಕಾಲರಿನ ಮೇಲೆ ಒಂದು ಹನಿ ಬಿಟ್ಟು ನೋಡಿ, ಕೆಸುವಿನ ಎಲೆಯ ಮೇಲೆ ನಿಂತಂತೆ ಗುಂಡಗೆ ನಿಲ್ಲುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದೇ ಇದಕ್ಕೆ ಕಾರಣ. ಇದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಒಗೆಯುವ ಪುಡಿ ಕರಗಿದೊಡನೆ ಆ ಹಿಡಿತ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ನೀರು ನೂಲಿನ ಸಂದಿಗೆಲ್ಲ ನುಗ್ಗುತ್ತದೆ. ಹತ್ತಿಯ ಎಳೆ ನೀರು ಕುಡಿದು ಉಬ್ಬುತ್ತದೆ, ಅದಕ್ಕೆ ಕಚ್ಚಿಕೊಂಡಿದ್ದ ಹೊಲಸಿನ ಹಿಡಿತ ಅಲ್ಲೇ ಸ್ವಲ್ಪ ಸಡಿಲುತ್ತದೆ.

ಸಾಬೂನಿನ ಅಥವಾ ಪುಡಿಯ ಪ್ರತಿ ಅಣುವಿಗೂ ಎರಡು ತುದಿ. ಒಂದಕ್ಕೆ ನೀರೆಂದರೆ ಪ್ರೀತಿ, ಇನ್ನೊಂದಕ್ಕೆ ಎಣ್ಣೆಯೆಂದರೆ ಪ್ರೀತಿ. ಎಣ್ಣೆ ಬಯಸುವ ತುದಿಗಳು ಜಿಡ್ಡಿನ ಪದರಕ್ಕೆ ಸುತ್ತಲಿನಿಂದ ಚುಚ್ಚಿಕೊಳ್ಳುತ್ತವೆ. ಅಂಚಿನಿಂದ ಶುರುವಾಗಿ ಆ ಪದರ ನಿಧಾನಕ್ಕೆ ಸುರುಳಿ ಸುತ್ತಿ ಗುಂಡಾಗುತ್ತದೆ, ಕೊನೆಗೆ ಎಳೆಯಿಂದ ಕಳಚಿ ನೀರಿಗೆ ತೇಲಿ ಹೋಗುತ್ತದೆ. ಈ ಸುರುಳಿ ಸುತ್ತುವುದಕ್ಕೆ ಹೊತ್ತು ಹಿಡಿಯುತ್ತದೆ. ನೆನೆಸುವುದು ಎಂದರೆ ಆ ಹೊತ್ತನ್ನು ಕೊಡುವುದು. ನೀರಿನಲ್ಲಿ ಪುಡಿ ಒಂದು ಮಟ್ಟ ಮುಟ್ಟಿದ ಮೇಲೆ ಅಣುಗಳು ಎಣ್ಣೆಯ ತುದಿಯನ್ನು ಒಳಗೆ ಮಾಡಿ ಸಣ್ಣ ಉಂಡೆ ಕಟ್ಟಿಕೊಳ್ಳುತ್ತವೆ, ಕಳಚಿದ ಜಿಡ್ಡು ಅವುಗಳ ಹೊಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಹೊಲಸಿಗೆ ತಕ್ಕಷ್ಟು ಉಂಡೆಗಳಾದ ಮೇಲೆ ಇನ್ನೂ ಹಿಡಿ ಪುಡಿ ಸುರಿದರೆ ನೊರೆ ಹೆಚ್ಚುತ್ತದೆಯೇ ಹೊರತು ಅರಿವಿ ಹೆಚ್ಚು ಹಸನಾಗುವುದಿಲ್ಲ. ಜಾಲಿಸಲು ಇನ್ನೆರಡು ಬಕೀಟು ನೀರು ಮಾತ್ರ ಬೇಕಾಗುತ್ತದೆ.

ಕಳಚಿದ ಹೊಲಸು ಮತ್ತೆ ಅರಿವಿಗೇ ಏಕೆ ಅಂಟುವುದಿಲ್ಲ? ಪುಡಿಯ ನೀರಿನಲ್ಲಿ ನೂಲಿಗೂ ಹೊಲಸಿನ ಕಣಕ್ಕೂ ಒಂದೇ ಬಗೆಯ ವಿದ್ಯುತ್ ಅಂಶ, ಋಣ ಅಂಶ, ಬಂದಿರುತ್ತದೆ. ಒಂದೇ ಬಗೆಯವು ಒಂದನ್ನೊಂದು ದೂಡುತ್ತವೆ. ಸೋಡಾ ಹಾಕಿದರೆ ಈ ದೂಡುವಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಇಷ್ಟು ಹೇಳಿದ ಮೇಲೆ ನಮ್ಮ ಊರಿನ ನೀರಿಗೆ ಬರಲೇಬೇಕು.

ಸಾಬೂನು ತಿನ್ನುವ ನೀರು

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ನೆಲದಡಿ ಸುಣ್ಣದ ಕಲ್ಲು ತುಂಬಿದೆ, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ನೆಲೆಯೂರಿದ್ದೂ ಅದಕ್ಕೇ. ಉಳಿದ ಕಡೆ ಎರಿ ಭೂಮಿ, ಅದರಡಿ ಕರಿಕಲ್ಲು. ಎರಡೂ ಕಡೆ ನೆಲದಡಿಯ ನೀರು ಕಲ್ಲಿನ ಸಂದಿಯಲ್ಲಿ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಳ್ಳುತ್ತದೆ. ಹಂಡೆಯ ಒಳಗೆ, ಗೀಸರಿನ ಕಾಯಿಲ್‌ಗೆ ಬಿಳಿ ಪದರ ಕಟ್ಟುವುದು ಇದೇ. ಅವ್ವ ಅರಿವಿ ಕುಕ್ಕುತ್ತಿದ್ದ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲು, ಆಕೆಯ ಸಾಬೂನನ್ನು ತಿಂದು ಹಾಕುತ್ತಿದ್ದ ನೀರಿನೊಳಗಿನದೂ ಅದೇ ಸುಣ್ಣ.

ಎಷ್ಟು ತಿನ್ನುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ ನಾನೇ ದಂಗಾದೆ. ಕುಡಿಯುವ ನೀರಿನ ಗಡಸುತನಕ್ಕೆ, ಅಂದರೆ ಅದರಲ್ಲಿ ಕರಗಿದ ಈ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕಕ್ಕೆ, ಭಾರತೀಯ ಮಾನಕ ಇಟ್ಟಿರುವ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ಬಿಡಬಹುದು. ನಡುವಿನ 400 ಹಿಡಿಯೋಣ. 15 ಲೀಟರಿನ ಬಕೀಟಿನಲ್ಲಿ ಕ್ಯಾಲ್ಸಿಯಂ ಕಾರ್ಬನೇಟಿನ ಲೆಕ್ಕದಲ್ಲಿ 6 ಗ್ರಾಂ ಸುಣ್ಣ ಆಯಿತು. ಇಷ್ಟೂ ಸುಣ್ಣ ಸಾಬೂನಿನ ಜೊತೆ ಕೂಡಿಕೊಳ್ಳಲು ಸುಮಾರು 36 ಗ್ರಾಂ ಸಾಬೂನು ಬೇಕು. ಅಷ್ಟು ಕರಗಿ ಹಾಳಾಗುವವರೆಗೆ ಒಂದು ಗುಳ್ಳೆ ನೊರೆಯೂ ನಿಲ್ಲುವುದಿಲ್ಲ. ಹಾಳಾದದ್ದು ಬಚ್ಚಲಿಗೆ ಹೋದರೂ ಚಿಂತೆಯಿರಲಿಲ್ಲ. ಅದು ಜಿಗುಟಾದ ಬೂದು ಕೆನೆಯಾಗಿ ಅರಿವಿಗೇ ಕೂರುತ್ತದೆ. ಬಿಳಿ ಬನಿಯನ್ ವರ್ಷದೊಳಗೆ ಮಂಕಾಗುವುದು, ಟವೆಲ್ ಒಣಗಿದ ಮೇಲೆ ತಗಡಿನಂತೆ ನಿಲ್ಲುವುದು ಇದರಿಂದ.

ಪುಡಿಗಳಲ್ಲಿ ಸಾಬೂನಿನ ಬದಲು ಬೇರೆ ಬಗೆಯ ಅಣು ಇರುತ್ತದೆ. ಆ ಕೆನೆ ಅಷ್ಟಾಗಿ ಕಟ್ಟುವುದಿಲ್ಲ. ಹಾಗೆಂದು ಪುಡಿಗೂ ಗಡಸು ನೀರಿನ ಕಾಟ ತಪ್ಪಿಲ್ಲ. ನೂಲಿಗೂ ಹೊಲಸಿಗೂ ಋಣ ಅಂಶ ಇರುತ್ತದೆ ಎಂದೆನಲ್ಲ, ಕ್ಯಾಲ್ಸಿಯಮ್ಮಿಗೆ ಇರುವುದು ಧನ ಅಂಶ. ಅದು ನಡುವೆ ನಿಂತು ಎರಡರ ಕೈಯನ್ನೂ ಹಿಡಿದುಕೊಳ್ಳುತ್ತದೆ, ಕಳಚಿದ ಹೊಲಸನ್ನು ಮತ್ತೆ ನೂಲಿಗೆ ಕಟ್ಟಿಹಾಕುತ್ತದೆ. ಬಡಿಯುವವರು ಆ ಕಟ್ಟನ್ನು ತೋಳಬಲದಿಂದ ಹರಿಯುತ್ತಾರೆ. ನೆನೆಸುವವರಿಗೆ ಆ ಬಲ ಇಲ್ಲ. ಆದ್ದರಿಂದ ನೆನೆಸುವವರಿಗೆ ಮೆತ್ತನೆಯ ನೀರು ಇನ್ನೂ ಹೆಚ್ಚು ಬೇಕು. ನೆನೆಸಿ ನೋಡಿದೆವು, ಆಗಲಿಲ್ಲ ಎಂದು ಬಿಟ್ಟುಕೊಟ್ಟ ಮನೆಗಳಲ್ಲಿ ಬಹಳ ಮಂದಿ ಎಡವಿದ್ದು ಇಲ್ಲೇ ಎಂದು ನನ್ನ ನಂಬಿಕೆ.

ನಿಮ್ಮ ನೀರು ಎಂಥದೆಂದು ತಿಳಿಯಲು ಪ್ರಯೋಗಾಲಯ ಬೇಡ. ಪಾರದರ್ಶಕ ಬಾಟಲಿಗೆ ಅರ್ಧ ನೀರು ಹಾಕಿ, ಸಾಬೂನು ತುರಿದು ಕರಗಿಸಿದ ನೀರನ್ನು ಕೆಲವು ಹನಿ ಬಿಟ್ಟು ಜೋರಾಗಿ ಅಲ್ಲಾಡಿಸಿ. ಮೇಲೆ ನೊರೆ ನಿಂತು ಕೆಳಗೆ ನೀರು ತಿಳಿಯಾಗಿದ್ದರೆ ನೀರು ಮೆತ್ತಗಿದೆ. ನೊರೆ ನಿಲ್ಲದೆ ನೀರು ಅಕ್ಕಚ್ಚಿನಂತೆ ಬೆಳ್ಳಗಾದರೆ ಗಡಸು. ಮಳೆನೀರಿನ ಜೊತೆ ಹೋಲಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಪುಡಿಯಿಂದ ಈ ಪರೀಕ್ಷೆ ಸರಿಬರುವುದಿಲ್ಲ, ಸಾಬೂನೇ ಬೇಕು.

ಪರಿಹಾರ ಅಗಸರ ಕಾಲದ್ದೇ: ಒಗೆಯುವ ಸೋಡಾ. ಅಡುಗೆ ಸೋಡಾ ಅಲ್ಲ, ಅದು ಬೇರೆ ಮತ್ತು ಈ ಕೆಲಸಕ್ಕೆ ತೀರ ದುರ್ಬಲ. ಮೇಲಿನ ಬಕೀಟಿನ 6 ಗ್ರಾಂ ಸುಣ್ಣಕ್ಕೆ ಸುಮಾರು 6ರಿಂದ 7 ಗ್ರಾಂ ಒಣ ಸೋಡಾ ಸಾಕು, ಅಂದರೆ ಒಂದು ಚಹಾ ಚಮಚಕ್ಕಿಂತ ಚೂರು ಹೆಚ್ಚು. ಹರಳಿನ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ, ಅದಾದರೆ ಸುಮಾರು ಮೂರು ಪಟ್ಟು ಬೇಕು. ಮೆಗ್ನೀಸಿಯಂ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಹಾಗಾಗಿ ಇದು ಕರಾರುವಾಕ್ಕಾದ ತೂಕವಲ್ಲ, ಅಂದಾಜು. 36 ಗ್ರಾಂ ಸಾಬೂನು ಹಾಳಾಗುವ ಕಡೆ 7 ಗ್ರಾಂ ಸೋಡಾದಲ್ಲಿ ಕೆಲಸ ಮುಗಿಯುತ್ತದೆ ಎಂಬುದು ಮುಖ್ಯ. ಒಂದು ಎಚ್ಚರ ಬೇಕು. ಸೋಡಾ ಹಾಕಿದಾಗ ಸುಣ್ಣ ಬಿಳಿ ಪುಡಿಯಾಗಿ ಬೇರ್ಪಡುತ್ತದೆ. ಅರಿವಿ ಆಗಲೇ ನೀರಿನಲ್ಲಿದ್ದರೆ ಆ ಪುಡಿ ಅರಿವಿಯ ಮೇಲೆ ಕೂರುತ್ತದೆ. ಮೊದಲು ಸೋಡಾ ಕರಗಿಸಿ, ಅರ್ಧ ತಾಸು ಬಿಟ್ಟು, ಮೇಲಿನ ತಿಳಿಯನ್ನು ಬೇರೆ ಬಕೀಟಿಗೆ ಬಸಿದುಕೊಂಡು, ಆಮೇಲೆ ಪುಡಿ, ಆಮೇಲೆ ಅರಿವಿ. ಈ ಕ್ರಮ ಹಿಡಿದ ಮೊದಲ ವಾರವೇ ನಮ್ಮ ಮನೆಯ ಟವೆಲ್ಲುಗಳು ಮೆತ್ತಗಾದವು, ಅವ್ವ ಮಾತಿಲ್ಲದೆ ಎರಡು ಸಲ ಮುಟ್ಟಿ ನೋಡಿದಳು.

ಸೋಡಾ ಕೈಯ ಚರ್ಮವನ್ನು ಒಣಗಿಸಿ ಬಿರಿಸುತ್ತದೆ, ಅದನ್ನು ಕೋಲಿನಿಂದ ಕಲಕಿ. ಅಲ್ಯುಮಿನಿಯಂ ಬೋಗುಣಿಯಲ್ಲಿ ಹಾಕಬೇಡಿ, ಪಾತ್ರೆ ಕರ್ರಗಾಗಿ ತಿಂದುಹೋಗುತ್ತದೆ.

ಬೀದರ್ ಪಟ್ಟಣದವರಿಗೆ ಇಷ್ಟೆಲ್ಲ ತಾಪತ್ರಯ ಇಲ್ಲದಿರಬಹುದು. ಬೀದರ್ ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಆ ಕೆಂಪು ಕಲ್ಲು ಲಕ್ಷಾಂತರ ವರ್ಷ ಮಳೆಯಲ್ಲಿ ತೊಯ್ದು ತನ್ನೊಳಗಿನ ಸುಣ್ಣವನ್ನು ಬಹುಮಟ್ಟಿಗೆ ಕಳೆದುಕೊಂಡಿದೆ, ಉಳಿದಿರುವುದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದಿನ ನೆಲದಡಿ ಕೊರೆದ ಸುರಂಗ ಬಾವಿ, ಅಂದರೆ ಕರೇಜ್, ನೀರು ಹಿಡಿದು ತಂದದ್ದು ಇಂಥ ಕಲ್ಲಿನಿಂದಲೇ. ಜಂಬಿಟ್ಟಿಗೆಯ ಬಾವಿಯ ನೀರಿನಲ್ಲಿ ಸಾಬೂನು ಬೇಗ ನೊರೆಯುತ್ತದೆ. ಅಲ್ಲಿ ಕಾಯಬೇಕಾದದ್ದು ಕಬ್ಬಿಣದ ಕೆಂಪು ಕಲೆಯನ್ನು.

ಬಿಸಿಲೇ ಒಲೆ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕಿನ ನೀರನ್ನು ಮಧ್ಯಾಹ್ನ ಮೂರಕ್ಕೆ ಮೈಮೇಲೆ ಹಾಕಿಕೊಳ್ಳಲು ಆಗುವುದಿಲ್ಲ. ಎಲ್ಲರೂ ಬೈದುಕೊಳ್ಳುವ ಆ ನೀರು ನೆನೆಸುವವರಿಗೆ ವರ. ಮೈಯಿಂದ ಕಾಲರಿಗೆ ಇಳಿಯುವ ಜಿಡ್ಡು ತಣ್ಣೀರಿನಲ್ಲಿ ಮೇಣದಂತೆ ಗಟ್ಟಿ, 40 ಡಿಗ್ರಿ ಸುಮಾರಿನಲ್ಲಿ ಮೆತ್ತಗಾಗಿ ಕರಗುತ್ತದೆ. ಒಳ್ಳೆಯ ಪುಡಿಗಳಲ್ಲಿರುವ ಕಿಣ್ವಗಳೂ ಇದೇ ಶಾಖದಲ್ಲಿ ಚುರುಕು. ಕಿಣ್ವವೆಂದರೆ ನಮ್ಮ ಹೊಟ್ಟೆಯಲ್ಲಿ ಅನ್ನ, ಬೇಳೆ, ಎಣ್ಣೆಯನ್ನು ಅರಗಿಸುವಂಥವು. ಒಂದು ಬಗೆ ಪ್ರೋಟೀನನ್ನು ತುಂಡು ಮಾಡುತ್ತದೆ, ಇನ್ನೊಂದು ಗಂಜಿಯನ್ನು, ಮತ್ತೊಂದು ಎಣ್ಣೆಯನ್ನು. 1913ರಲ್ಲಿ ಜರ್ಮನಿಯ ಒಟ್ಟೋ ರೋಮ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಿಣ್ವವನ್ನು ಒಗೆತಕ್ಕೆ ಬಳಸುವ ಪೇಟೆಂಟ್ ಪಡೆದರು. ಮರುವರ್ಷ ಬಂದ ಅವರ ಬುರ್ನುಸ್ ಎಂಬ ಪುಡಿ ಅರಿವಿಯನ್ನು ಮೊದಲು ನೆನೆಸಿಡಲೆಂದೇ ಮಾಡಿದ್ದು. ಕಿಣ್ವ ಅರಗಿಸಲು ಹೊತ್ತು ಬೇಕು, ಬಡಿದರೆ ಅದರ ಕೆಲಸ ಬೇಗ ಆಗುವುದಿಲ್ಲ. ಬಡಿತಕ್ಕಿಂತ ನೆನೆ ಮೇಲು ಎಂದು ನಾನು ಧೈರ್ಯವಾಗಿ ಹೇಳುವುದು ಈ ಒಂದು ಕಡೆ. ಕುದಿಯುವ ನೀರು ಹಾಕಿದರೆ ಮಾತ್ರ ಕಿಣ್ವ ಸತ್ತುಹೋಗುತ್ತದೆ.

ರೇಷ್ಮೆಯೂ ಉಣ್ಣೆಯೂ ಪ್ರೋಟೀನಿನ ನೂಲು. ಪ್ರೋಟೀನು ಕತ್ತರಿಸುವ ಕಿಣ್ವಕ್ಕೆ ಕಲೆ ಯಾವುದು, ಸೀರೆ ಯಾವುದು ಎಂಬ ಭೇದ ತಿಳಿಯದು. ಹತ್ತಿ ಒಡಲು, ರೇಷ್ಮೆ ಸೆರಗಿನ ಇಳಕಲ್ ಸೀರೆಯನ್ನು ಕಿಣ್ವದ ಪುಡಿಯಲ್ಲಾಗಲಿ, ಸೋಡಾದಲ್ಲಾಗಲಿ ನೆನೆಸಬೇಡಿ. ಅಂಟುವಾಳದ ನೀರು ಸಾಕು, ಅದೂ ಐದು ನಿಮಿಷ.

ಎಷ್ಟು ಹೊತ್ತು ಎಂದು ಕೇಳುವವರಿಗೆ: ಬೇಸಿಗೆಯಲ್ಲಿ ಮುಕ್ಕಾಲು ತಾಸಿನಿಂದ ಒಂದು ತಾಸು, ಹೆಚ್ಚೆಂದರೆ ಎರಡು. ರಾತ್ರಿ ನೆನೆಸಿ ಬೆಳಗ್ಗೆ ತೆಗೆಯುವುದು ಚಳಿಗಾಲಕ್ಕೆ ಸರಿ, ಮೇ ತಿಂಗಳಿಗಲ್ಲ. ಹೊಲಸು ಬಿಟ್ಟ ಬೆಚ್ಚನೆಯ ನೀರು ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅರಿವಿ ಒಣಗಿದ ಮೇಲೂ ಬರುವ ಆ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ. ಹೆಚ್ಚು ಹೊತ್ತು ಬಿಟ್ಟರೆ ಬಣ್ಣವೂ ಬಿಡುತ್ತದೆ. ನೆನೆಸಿದರೆ ರೋಗಾಣು ಸಾಯುತ್ತವೆ ಎಂದೂ ತಿಳಿಯಬೇಡಿ. ಕಾಯಿಲೆಯವರ ಹತ್ತಿ ಅರಿವಿಯನ್ನು ಬೇರೆಯಾಗಿ ಕುದಿಸಬೇಕು. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ನೆನೆಸಿದ ಬಕೀಟನ್ನು ಬಚ್ಚಲಲ್ಲಿಟ್ಟು ಬಾಗಿಲು ಹಾಕಿ. ಅರ್ಧ ಬಕೀಟು ನೀರು ಕೂಸಿನ ಜೀವಕ್ಕೆ ಎರವಾಗಬಲ್ಲದು.

ಕಲೆಗಳು

ಎಲ್ಲ ಕಲೆಯೂ ಒಂದೇ ನೀರಿಗೆ ಹೋಗುವುದಿಲ್ಲ. ರಕ್ತವನ್ನು ತಣ್ಣೀರಿನಲ್ಲೇ ನೆನೆಸಬೇಕು. ಬಿಸಿ ತಗುಲಿದರೆ ಅದರ ಪ್ರೋಟೀನು ಮೊಟ್ಟೆಯಂತೆ ಗಟ್ಟಿಯಾಗಿ ನೂಲಿಗೆ ಕೂರುತ್ತದೆ. ಬೇಸಿಗೆಯಲ್ಲಿ ನಲ್ಲಿ ತಿರುವಿದರೆ ಬರುವುದೇ ಬಿಸಿನೀರು, ಆದ್ದರಿಂದ ರಕ್ತದ ಕಲೆಗೆ ಮಣ್ಣಿನ ಕೊಡದ ನೀರು ತೆಗೆದುಕೊಳ್ಳಿ. ಚಹಾ, ಎಲೆ ಅಡಿಕೆಯ ಕಲೆಗಳಿಗೆ ಆಕ್ಸಿಜನ್ ಬ್ಲೀಚ್ ಪುಡಿ ಒಳ್ಳೆಯದು. ನೀರಿನಲ್ಲಿ ಅದು ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡಾಗಿ ಒಡೆಯುತ್ತದೆ, ಟ್ಯಾಂಕಿನ ಬಿಸಿನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಬ್ಬಿಣದ ತುಕ್ಕಿಗೆ ನಿಂಬೆರಸ, ಸೋಡಾ ಅಲ್ಲ. ಘಾಟು ವಾಸನೆಯ ಕ್ಲೋರಿನ್ ಬ್ಲೀಚ್ ಅಂತೂ ತುಕ್ಕನ್ನು ಇನ್ನೂ ಗಟ್ಟಿ ಮಾಡುತ್ತದೆ. ಆ ಬ್ಲೀಚಿಗೆ ನಿಂಬೆರಸವನ್ನಾಗಲಿ ವಿನೆಗರನ್ನಾಗಲಿ ಎಂದೂ ಬೆರೆಸಬೇಡಿ, ಹೊಮ್ಮುವ ಅನಿಲ ಎದೆ ಸುಡುತ್ತದೆ.

ಎರಡು ಕಲೆಗಳು ನಮ್ಮ ಮನೆಗಳಿಗೆ ವಿಶೇಷವಾಗಿ ಸೇರಿದವು. ಮೊದಲನೆಯದು ಕುಸುಬಿ ಎಣ್ಣೆಯದು. ಕುಸುಬಿ ಎಣ್ಣೆಗೆ ಗಾಳಿ ತಾಗಿ ಒಣಗಿ ಪದರ ಕಟ್ಟುವ ಗುಣ ಇದೆ. ಬಣ್ಣ, ವಾರ್ನಿಶ್ ಮಾಡುವವರು ಅದನ್ನು ಬಳಸುವುದೇ ಆ ಗುಣಕ್ಕೆ. ರೊಟ್ಟಿ, ಶೇಂಗಾ ಹಿಂಡಿ ತಿನ್ನುವಾಗ ಅಂಗಿಗೆ ಬಿದ್ದ ಹನಿ ಅದೇ ದಿನ ಪುಡಿಯ ನೀರಿಗೆ ಬಿದ್ದರೆ ಸುರುಳಿ ಸುತ್ತಿ ಹೋಗುತ್ತದೆ. ಎರಡು ವಾರ ಮಡಿಚಿಟ್ಟು, ಮೇಲೆ ಇಸ್ತ್ರಿಯನ್ನೂ ಹೊಡೆದರೆ ಆ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ, ಹಳದಿ ವಾರ್ನಿಶ್ ಆಗಿರುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಕಷ್ಟ.

ಎರಡನೆಯದು ಅರಿಶಿಣ. ಮದುವೆಯಲ್ಲಿ ಸುರಗಿ ನೀರು ಹಾಕಿಸಿಕೊಂಡ ಬಿಳಿ ಬನಿಯನ್ನನ್ನು ಸೋಡಾಕ್ಕೆ ಹಾಕಿದೊಡನೆ ಕೆಂಪಾಗಿ ನಿಂತದ್ದನ್ನು ನೋಡಿ ಎಷ್ಟೋ ಮಂದಿ ಹೆದರಿದ್ದಾರೆ. ಅರಿವಿ ಕೆಟ್ಟಿಲ್ಲ. ಅರಿಶಿಣದ ಕರ್ಕ್ಯುಮಿನ್ ಕ್ಷಾರ ಸಿಕ್ಕರೆ ಕೆಂಪಾಗುತ್ತದೆ, ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ನೆನೆಸುವುದರಿಂದ ಅದು ಪೂರ್ತಿ ಹೋಗುವುದಿಲ್ಲ, ಬೆಳಕಿಗೆ ಹೋಗುತ್ತದೆ. ಜಾಲಿಸಿ, ಒದ್ದೆಯಿದ್ದಾಗಲೇ ನಮ್ಮ ಊರಿನ ಬಿಸಿಲಿಗೆ ಹರವಿ. ಒಂದು ದಿನದಲ್ಲಿ ಹೋಗದಿದ್ದರೆ ಮರುದಿನ ಮತ್ತೆ ತೋಯಿಸಿ ಹರವಿ.

ಜಾಲಿಸುವ ಗಣಿತ

ನೆನೆಸಿದ ನೀರಿನಲ್ಲಿ ಹೊಲಸು ಕಳಚಿದೆ ನಿಜ, ಇನ್ನೂ ಅರಿವಿಯ ಸುತ್ತಲೇ ಇದೆ. ಅದನ್ನು ಹೊರಗೆ ಕಳಿಸುವುದು ಜಾಲಿಸುವಿಕೆ. ತೆಗೆಯುವ ಮೊದಲು ಅರಿವಿಯನ್ನು ಬಕೀಟಿನೊಳಗೇ ಅಂಗೈಯಿಂದ ಹದಿನೈದು ಇಪ್ಪತ್ತು ಸಲ ಒತ್ತಿ ಬಿಡಿ. ಒತ್ತಿದಾಗ ನೀರು ನೂಲಿನ ಸಂದಿಯಿಂದ ಹೊರಗೆ, ಬಿಟ್ಟಾಗ ಒಳಗೆ. ಭುಜ ಎತ್ತದೆ ಮಾಡುವ ಕೆಲಸ ಇದು, ಅವ್ವ ಸ್ಟೂಲಿನ ಮೇಲೆ ಕೂತು ಮಾಡುತ್ತಾಳೆ.

ಹಿಂಡಿದ ಮೇಲೂ ಅರಿವಿಯಲ್ಲಿ 2 ಲೀಟರ್ ಹೊಲಸು ನೀರು ಉಳಿದಿದೆ ಅಂದುಕೊಳ್ಳಿ. ಜಾಲಿಸಲು ನಿಮ್ಮ ಬಳಿ ಇರುವುದು 10 ಲೀಟರ್. ಒಂದೇ ಸಲ ಸುರಿದರೆ ಒಟ್ಟು 12 ಲೀಟರ್ ಆಗುತ್ತದೆ, ಮತ್ತೆ ಹಿಂಡಿದಾಗ 2 ಲೀಟರ್ ಉಳಿಯುತ್ತದೆ. ಹೊಲಸಿನಲ್ಲಿ ಆರರಲ್ಲೊಂದು ಪಾಲು ಅರಿವಿಯಲ್ಲೇ ಉಳಿಯಿತು. ಅದೇ 10 ಲೀಟರನ್ನು 5, 5 ಮಾಡಿ ಎರಡು ಸಲ ಜಾಲಿಸಿ, ನಡುವೆ ಹಿಂಡಿದರೆ ಉಳಿಯುವುದು ಸುಮಾರು ಹನ್ನೆರಡರಲ್ಲೊಂದು ಪಾಲು. ಮೂರು ಸಲಕ್ಕೆ ಹಂಚಿದರೆ ಹತ್ತೊಂಬತ್ತರಲ್ಲೊಂದು. ಒಂದು ಕೊಡ ನೀರೂ ಹೆಚ್ಚು ಬೇಕಿಲ್ಲ. ನೀರಿಗಾಗಿ ಸರದಿ ನಿಲ್ಲುವ ನಮ್ಮಂಥ ಊರುಗಳಲ್ಲಿ ಈ ಲೆಕ್ಕವನ್ನು ಶಾಲೆಯಲ್ಲೇ ಹೇಳಿಕೊಡಬೇಕು. ಹಿಂಡುವಾಗ ಒಂದು ಮಾತು ನೆನಪಿರಲಿ: ಹತ್ತಿ ಒದ್ದೆಯಾದಾಗ ಗಟ್ಟಿಯಾಗುತ್ತದೆ, ರೇಯಾನ್ ಬಲ ಕಳೆದುಕೊಳ್ಳುತ್ತದೆ. ರೇಯಾನಿನ ಕುರ್ತಾ, ನೈಟಿಗಳನ್ನು ತಿರುಚದೆ ಒತ್ತಿ ನೀರು ಇಳಿಸಿ.

ನೆನೆಸಿದರೆ ಸಾಲದ ಕಡೆ

ಎರಿಮಣ್ಣು. ಮಳೆಗಾಲದಲ್ಲಿ ಹೊಲದಿಂದ ಬಂದವರ ಧೋತರದ ಅಂಚಿಗೆ, ಸೀರೆಯ ನೆರಿಗೆಗೆ ಹತ್ತಿದ ಕರಿ ಜೇಡಿಯನ್ನು ಯಾವ ಪುಡಿಯೂ ಕರಗಿಸುವುದಿಲ್ಲ. ಅದರ ಕಣಗಳು ಕಣ್ಣಿಗೆ ಕಾಣದಷ್ಟು ತೆಳುವಾದ ಬಿಲ್ಲೆಗಳು, ನೀರು ಕುಡಿದರೆ ಉಬ್ಬಿ ನೂಲಿನ ಸಂದಿಯಲ್ಲಿ ಇನ್ನೂ ಬಿಗಿಯಾಗಿ ಕೂರುತ್ತವೆ. ಹೊಲದಿಂದ ಬಂದ ಕೂಡಲೇ ನೀರಿಗೆ ಹಾಕುವುದು ತಪ್ಪು. ಪೂರ್ತಿ ಒಣಗಲು ಬಿಟ್ಟು, ಝಾಡಿಸಿ, ಬ್ರಷ್ಷಿನಿಂದ ಉದುರಿಸಿ. ಆಮೇಲೆ ಬರೀ ನೀರಿನಲ್ಲಿ ಒಮ್ಮೆ ಅಲುಗಿಸಿ ಆ ಕೆಸರು ನೀರು ಚೆಲ್ಲಿ, ಆಮೇಲೆ ಸೋಡಾ ತಿಳಿಯಲ್ಲಿ ಪುಡಿ ಹಾಕಿ ನೆನೆಸಿ. ಅಷ್ಟಾದರೂ ಅಂಚನ್ನು ಕೈಯಲ್ಲಿ ತಿಕ್ಕಲೇಬೇಕು. ಹೊಲದ ಕೆಲಸದ ಅರಿವಿಗೆ ಬಲದ ಪಾಲನ್ನು ಪೂರ್ತಿ ತೆಗೆಯಲು ಬರುವುದಿಲ್ಲ.

ಪಾಲಿಯೆಸ್ಟರ್ ಅಂಗಿಗಳದ್ದು ಬೇರೆ ತಕರಾರು. ಅದರ ನೂಲು ನೀರು ಕುಡಿಯುವುದಿಲ್ಲ, ಎಣ್ಣೆಯನ್ನು ಮಾತ್ರ ಬಿಗಿಯಾಗಿ ಹಿಡಿಯುತ್ತದೆ. ಕಂಕುಳಿನ ವಾಸನೆ ಅದರಲ್ಲಿ ಉಳಿದುಬಿಡುತ್ತದೆ. ಬಿಸಿನೀರು, ಎಣ್ಣೆ ಅರಗಿಸುವ ಕಿಣ್ವದ ಪುಡಿ ಎರಡೂ ಇದ್ದರೆ ಸುಧಾರಿಸುತ್ತದೆ.

ಕೌದಿಯ ಮಾತು ಕೊನೆಗೆ ಇಟ್ಟುಕೊಂಡೆ. ಹಳೆ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ನೀರು ಕುಡಿದರೆ ಇಬ್ಬರು ಎತ್ತಬೇಕು, ಅದನ್ನು ಬಡಿಯುವುದು ಭುಜಕ್ಕೆ ದೊಡ್ಡ ಶಿಕ್ಷೆ. ಮೊದಲೆಲ್ಲ ಹೊಳೆಗೆ, ಹಳ್ಳಕ್ಕೆ ಒಯ್ದು ತುಳಿದು ತೊಳೆಯುತ್ತಿದ್ದರು. ಆ ತುಳಿತವೇ ಸರಿಯಾದ ದಾರಿ. ದೊಡ್ಡ ಟಬ್ಬಿನಲ್ಲಿ ಒಂದು ತಾಸು ನೆನೆಸಿ, ಗೋಡೆ ಹಿಡಿದು ನಿಂತು ಕಾಲಿನಿಂದ ತುಳಿದರೆ ಮೈಭಾರವೇ ಒತ್ತುತ್ತದೆ, ತೋಳಿಗೆ ಕೆಲಸವಿಲ್ಲ. ನಮ್ಮಲ್ಲಿ ಈಗ ಅವ್ವ ತುಳಿಯುತ್ತಾಳೆ, ನಾನು ನೀರು ಬದಲಿಸುತ್ತೇನೆ. ಕೌದಿಯನ್ನು ಮಾರ್ಚ್‌ನಿಂದ ಮೇ ಒಳಗೆ ಮುಗಿಸಬೇಕು. ಒಳಪದರ ಒಂದೇ ದಿನದಲ್ಲಿ ಒಣಗುವ ಬಿಸಿಲು ಆಗ ಮಾತ್ರ ಇರುತ್ತದೆ.

ಚೆಲ್ಲುವ ನೀರಿನ ಬಗ್ಗೆಯೂ ಹೇಳಬೇಕು. ನೀರಿನ ಬೆಲೆ ಗೊತ್ತಿರುವವರು ಪುಡಿಯ ನೀರನ್ನೂ ಗಿಡಕ್ಕೆ ಹಾಕುತ್ತಾರೆ. ಎರಿಭೂಮಿಗೆ ಅದು ಒಳ್ಳೆಯದಲ್ಲ. ಸೋಡಾದ ಸೋಡಿಯಂ ಕರಿಮಣ್ಣಿನ ಹೆಂಟೆಯನ್ನು ಒಡೆದು ರಾಡಿ ಮಾಡುತ್ತದೆ, ಒಣಗಿದರೆ ನೆಲ ಕಲ್ಲಾಗುತ್ತದೆ, ವರ್ಷ ಕಳೆದಂತೆ ಚೌಳಾಗುತ್ತದೆ. ಅಗಸರು ಅರಿವಿಗೆ ಹುಡುಕಿಕೊಂಡು ಹೋಗುತ್ತಿದ್ದ ಅದೇ ಚೌಳು. ನೆನೆಸಿದ ನೀರು ಮತ್ತು ಮೊದಲ ಜಾಲಿನ ನೀರನ್ನು ನಾವು ಬಚ್ಚಲು ತೊಳೆಯಲು ಬಳಸಿ ಮೋರಿಗೆ ಬಿಡುತ್ತೇವೆ. ಮೂರನೆಯ ಜಾಲಿನ ನೀರು ಅಂಗಳದ ಕರಿಬೇವಿಗೆ ಹೋಗುತ್ತದೆ, ಅದೂ ವಾರಕ್ಕೆ ಒಂದು ಸಲ, ಬುಡದಿಂದ ದೂರ.